ದ್ಯಾಮವ್ವನ ನಾಲ್ಕುನೂರಾ ಹನ್ನೆರಡು ಹೆಜ್ಜೆ

ದ್ಯಾಮವ್ವನ ಮುಖ ನೋಡುವುದಕ್ಕೆ ಎಂಟು ತಿಂಗಳು ಮೊದಲೇ ಅವಳ ನಡಿಗೆ ನನಗೆ ಗೊತ್ತಿತ್ತು. ಎಡಗಾಲು ಭಾರವಾಗಿ ಊರುತ್ತದೆ. ಬಲಗಾಲು ನೆಲವನ್ನು ಉಜ್ಜಿಕೊಂಡು ಬರುತ್ತದೆ. ಎರಡರ ನಡುವೆ ಕೋಲಿನ ಸಣ್ಣ ಕುಟುಕು. ಬೆಳಿಗ್ಗೆ ಆರೂವರೆಗೆ ಶುರು, ಏಳರ ಹೊತ್ತಿಗೆ ಮುಗಿಯುತ್ತಿತ್ತು. ಎಂಬತ್ತಮೂರು ವರ್ಷದ ಹೆಂಗಸು, ದಿನಾ ನಾಲ್ಕುನೂರಾ ಹನ್ನೆರಡು ಹೆಜ್ಜೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಾನು ಕೂರುತ್ತಿದ್ದದ್ದು ಆರೋಗ್ಯ ಇಲಾಖೆಯ ಹಳೆಯ ಔಷಧ ಉಗ್ರಾಣದಲ್ಲಿ. ಅದಕ್ಕೆ ನಿಗಾ ಕೊಠಡಿ ಎಂದು ಹೆಸರಿಟ್ಟು, ಎರಡು ಪರದೆ, ಒಂದು ಫ್ಯಾನು ಕೊಟ್ಟಿದ್ದರು. ಕಮತಹಾಳ ನೇಕಾರರ ಊರು. ಎಪ್ಪತ್ತು ದಾಟಿದವರು ಸಾವಿರದ ಇನ್ನೂರು ಜನ. ಅವರೆಲ್ಲ ನನ್ನ ಪರದೆಯ ಮೇಲೆ ಒಂದೊಂದು ಗೆರೆ. ನಡೆದಾಡುವವರು ಹಸಿರು, ಕುಂಟುತ್ತಿರುವವರು ಹಳದಿ, ನಿಂತುಹೋದವರು ಕೆಂಪು.

ಗೆರೆ ಎಳೆಯುತ್ತಿದ್ದದ್ದು ನೆಲಗಿವಿ. ಅಂಗೈಯಗಲದ ಒಂದು ಲೋಹದ ಬಿಲ್ಲೆ. ಹೊಸ್ತಿಲ ಪಕ್ಕದಲ್ಲಿ ನೆಲ ಅಗೆದು ಹೂಳುತ್ತಿದ್ದರು. ಅದಕ್ಕೆ ಮಾತು ಕೇಳಿಸುವುದಿಲ್ಲ, ಕಾಣಿಸುವುದಿಲ್ಲ. ನೆಲದ ನಡುಕ ಮಾತ್ರ ತಿಳಿಯುತ್ತದೆ. ಯಾರ ತೂಕ ಎಷ್ಟು, ಯಾವ ಕಾಲು ಎಳೆಯುತ್ತದೆ, ಹೆಜ್ಜೆಯಿಂದ ಹೆಜ್ಜೆಗೆ ಎಷ್ಟು ಹೊತ್ತು, ಇಷ್ಟರಿಂದಲೇ ಮನೆಯವರನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ದಿನಕ್ಕೆ ನಾಲ್ಕುನೂರು ಹೆಜ್ಜೆ ದಾಟಿದರೆ ಹಸಿರು. ಮೂರು ದಿನ ಸತತವಾಗಿ ಒಂದು ಹೆಜ್ಜೆಯೂ ಕೇಳಿಸದಿದ್ದರೆ, ಅಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಅರ್ಥ. ಯಂತ್ರವೇ ತೆರವು ಆದೇಶ ಹೊರಡಿಸುತ್ತದೆ. ಬಿಳಿ ವ್ಯಾನು ಬಂದು ಆ ಮುದುಕರನ್ನು ಎತ್ತಿಕೊಂಡು ಜಿಲ್ಲಾಸ್ಥಳದ ಆಸರೆ ಮನೆಗೆ ಒಯ್ಯುತ್ತದೆ.

ಆಸರೆ ಮನೆ ಕೆಟ್ಟ ಜಾಗವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ನಿಗಾದ ಕಾಯ್ದೆ ಬರುವುದಕ್ಕೆ ಮುಂಚೆ ನಮ್ಮ ಊರಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಮುದುಕರು ವಾಸನೆ ಬಂದ ಮೇಲೆ ಸಿಗುತ್ತಿದ್ದರು. ಈಗ ಸಿಗುತ್ತಿರಲಿಲ್ಲ. ನಾನು ಆ ಕೆಲಸವನ್ನು ನಂಬಿದ್ದೆ.

ಆ ವರ್ಷ ಇಲಾಖೆಗೆ ಹೊಸ ಹುಮ್ಮಸ್ಸು ಬಂತು. ತಾಲೂಕಿಗೊಬ್ಬರಂತೆ ಚಟುವಟಿಕೆಯ ಹಿರಿಯರನ್ನು ಆರಿಸಿ ಶಾಲು ಹೊದಿಸಬೇಕು. ಹೆಸರು ಕಳಿಸುವುದು ನನ್ನ ಪಾಲಿಗೆ ಬಂತು. ನಾನು ಯೋಚಿಸಲೇ ಇಲ್ಲ. ಎಂಟು ತಿಂಗಳ ಗೆರೆ ಹಾಳೆಯ ಮೇಲೆ ಇಳಿಸಿ, ಅದರ ಕೆಳಗೆ ದ್ಯಾಮವ್ವ, ಹೂಗಾರ ಓಣಿ, ಎಂದು ಬರೆದೆ.

"ಇಷ್ಟು ನೆಟ್ಟಗ ನಾನೂ ನಡಿಯಂಗಿಲ್ಲಲೇ ನದಾಫ," ಎಂದರು ಅನಸೂಯಾ ಬಾರಕೇರ ಮೇಡಂ. ಅವರು ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್. ಮೂವತ್ತು ವರ್ಷ ಸೈಕಲ್ಲು, ಸ್ಕೂಟರು ಹತ್ತಿ ಮನೆಮನೆ ತಿರುಗಿದವರು, ಮಂಡಿ ಸವೆದಿತ್ತು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಮುಂಗಾರು, ಥಂಡಿ, ಬ್ಯಾಸಿಗಿ, ಏನೂ ಹೆಚ್ಚುಕಡಿಮಿ ಇಲ್ಲ. ಆಕಿ ಮನಷಾಳೋ ಗಡಿಯಾರೋ?"

"ಶಿಸ್ತು ಮೇಡಂ."

"ಶಿಸ್ತಿಗೂ ಒಂದ ದಿನ ನೆಗಡಿ ಬರತೈತಿ," ಎಂದರು. ಆದರೂ ಸಹಿ ಹಾಕಿದರು. ಮಾರನೇ ದಿನ ಬೆಳಿಗ್ಗೆ ಶಾಲು, ಹಾರ, ಒಂದು ಫಲಪುಷ್ಪದ ಬುಟ್ಟಿ ಹಿಡಿದು ಇಬ್ಬರೂ ಹೊರಟೆವು. ನಾನು ಹೇಳದೆ ಹೋಗೋಣ ಎಂದಿದ್ದೆ. ನಡೆಯುತ್ತಿರುವಾಗಲೇ ಅವಳ ಫೋಟೊ ಹಿಡಿಯುವ ಆಸೆ ನನಗೆ.

*

ದ್ಯಾಮವ್ವನ ಮನೆಯ ಬಾಗಿಲು ಚಿಲಕವಿಲ್ಲದೆ ಸುಮ್ಮನೆ ಮುಚ್ಚಿತ್ತು. ಪಕ್ಕದ ಮನೆಯವರು ಹೊಸ ಕಟ್ಟಡಕ್ಕೆಂದು ಪಾಯ ತೋಡಿ ಅರ್ಧಕ್ಕೆ ಬಿಟ್ಟಿದ್ದರು. ಆ ಕಡೆಯ ಮಣ್ಣಿನ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು. ಒಳಗಿನಿಂದ ಆ ಸದ್ದು ಬರುತ್ತಿತ್ತು. ಎಡಗಾಲು, ಕೋಲು, ಬಲಗಾಲಿನ ಉಜ್ಜು. ಎಂಟು ತಿಂಗಳು ಬರೀ ಗೆರೆಯಾಗಿದ್ದದ್ದು ಈಗ ಕಿವಿಗೆ ಬೀಳುತ್ತಿತ್ತು. ಫೋನು ಎತ್ತಿ ಹಿಡಿದು ಬಾಗಿಲು ತಳ್ಳಿದೆ.

ನಡೆಯುತ್ತಿದ್ದವಳು ದ್ಯಾಮವ್ವ ಅಲ್ಲ.

ಸಣ್ಣ ಮೈಯ, ಎಪ್ಪತ್ತರ ಮೇಲಿನ ಒಬ್ಬ ಮುದುಕಿ, ಕಚ್ಚೆ ಬಿಗಿದು, ಕಂಕುಳಲ್ಲಿ ನೀರು ತುಂಬಿದ ಕೊಡ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕೋಲು ಊರಿ, ಇಲ್ಲದ ಕುಂಟನ್ನು ಕುಂಟುತ್ತ ಪಡಸಾಲೆಯ ಉದ್ದ ಅಳೆಯುತ್ತಿದ್ದಳು. ತುಟಿ ಅಲುಗುತ್ತಿತ್ತು. ನಮ್ಮನ್ನು ಕಂಡಳು, ನಿಲ್ಲಲಿಲ್ಲ. ಇಷ್ಟೇ ಹೇಳಿದಳು: "ಮುನ್ನೂರಾ ತೊಂಬತ್ತೊಂದು. ಕುಂದರ್ರಿ. ತಪ್ಪಿಸಬ್ಯಾಡ್ರಿ."

ನಾವು ನಿಂತೇ ಇದ್ದೆವು. ಅವಳು ಮುಗಿಸಿದಳು. ಕೊಡ ಇಳಿಸಿ, ಕೋಲನ್ನು ಗೋಡೆಗೆ ಒರಗಿಸಿ, ನೆಟ್ಟಗೆ, ಕುಂಟಿಲ್ಲದೆ ನಮ್ಮ ಎದುರಿಗೆ ಬಂದು ನಿಂತಳು. ಅವಳು ಕಾಶವ್ವ. ದ್ಯಾಮವ್ವನ ಸವತಿ.

"ದ್ಯಾಮವ್ವ ಎಲ್ಲಿ?" ಎಂದರು ಮೇಡಂ.

ಒಳಕೋಣೆಯಲ್ಲಿ ಮಂಚದ ಮೇಲೆ ದ್ಯಾಮವ್ವ ಇದ್ದಳು. ಎಂಟು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಿತ್ತು. ಹಾಸಿಗೆ ಸ್ವಚ್ಛವಾಗಿತ್ತು, ತಲೆ ಬಾಚಿತ್ತು, ಹಣೆಗೆ ವಿಭೂತಿ ಇತ್ತು. ಆದರೂ ಬೇವಿನ ಹೊಗೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಮೇಡಂ ಅವಳನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ನೋಡಿದರು. ಬೆನ್ನಿನ ಕೆಳಗೆ ಹುಣ್ಣು ಆಳಕ್ಕೆ ಇಳಿದಿತ್ತು.

"ಫಲಪುಷ್ಪ ಯಾರಿಗ ತಂದೀರಿ?" ಎಂದು ಕೇಳಿದಳು ದ್ಯಾಮವ್ವ, ಗೋಡೆಯ ಕಡೆ ಮುಖ ಮಾಡಿಯೇ.

ನಾನು ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಬಂದೆ.

ಪಡಸಾಲೆಯಲ್ಲಿ ಕಾಶವ್ವ ನಮಗೆ ಚಹಾ ಇಟ್ಟಳು. ಮೇಡಂ ಕೈ ತೊಳೆದು ಬಂದು ಅವಳ ಎದುರಿಗೆ ಕೂತರು.

"ಕೊಡ ಯಾಕ?"

"ಆಕಿ ನನಗಿಂತ ದಪ್ಪ. ಬಿಲ್ಲಿ ಹುಗಿಯಾಕ ಬಂದ ಹುಡುಗ ಹೇಳಿದ್ದ, ಅದು ತೂಕ ನೋಡ್ತೈತಿ ಅಂತ. ಒಂಬತ್ತು ಶೇರು ನೀರು ಹಾಕಿದ್ರ ಆಕಿ ತೂಕ ಆಗತೈತಿ."

"ನಡಿಗಿ ಹೆಂಗ ಕಲ್ತಿ?"

ಕಾಶವ್ವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕಲಿಯೂದೇನ್ರಿ. ಐವತ್ತು ವರ್ಷ ಇಬ್ಬರೂ ಕೂಡಿ ಮಗ್ಗಕ್ಕ ಹಾಸು ಹಾಕೇವಿ. ಓಣಿ ತುಂಬ ಗೂಟ ನೆಟ್ಟು, ಆಕಿ ಮುಂದ, ನಾ ಹಿಂದ, ಕೈಯಾಗ ನೂಲು. ಆಕಿ ಹೆಜ್ಜಿಗೆ ನನ್ನ ಹೆಜ್ಜಿ ಕೂಡಲಿಲ್ಲಂದ್ರ ಎಳಿ ಹರೀತಿತ್ತು. ಆಕಿಗೆ ಕುಂಟು ಬಂತು, ನಾನೂ ಕುಂಟಿದ್ನಿ. ನೂಲು ಹರೀಬಾರದಲ್ಲ."

"ನಾಲ್ಕುನೂರಾ ಹನ್ನೆರಡು?" ಎಂದು ನಾನು ಕೇಳಿದೆ. ಅದನ್ನು ತಿಳಿಯದೆ ಅಲ್ಲಿಂದ ಏಳಲು ನನಗೆ ಸಾಧ್ಯವಿರಲಿಲ್ಲ.

"ನಾಕನೂರು ಬೇಕಂತ ಆ ಹುಡುಗ ಅಂದಿದ್ದ. ಹನ್ನೆರಡು ಹೆಚ್ಚಿಗಿ. ಹಾಸಿನಾಗೂ ಹಂಗ ಎಳಿ ಹೆಚ್ಚಿಗಿ ಬಿಡ್ತಿದ್ವಿ, ಹರದ್ರ ಇರ್ಲಿ ಅಂತ."

ಎಂಟು ತಿಂಗಳಲ್ಲಿ ಎಂಬತ್ತಮೂರರ ಒಂದು ಕಾಲು ಒಂದಿಷ್ಟಾದರೂ ಸೋಲಬೇಕು. ಅದು ಸೋಲದಿದ್ದದ್ದನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಅನುಮಾನ ಪಡುವ ಕೆಲಸಕ್ಕೇ ಸಂಬಳ ಪಡೆಯುತ್ತಿದ್ದವನು ಶಾಲು ಹಿಡಿದು ಬಂದಿದ್ದೆ.

"ಯಾಕ ಮುಚ್ಚಿಟ್ಟಿ ಕಾಶವ್ವ?" ಮೇಡಂ ದನಿ ಗಟ್ಟಿಯಾಯಿತು. "ಹುಣ್ಣು ಎಲುಬಿಗೆ ಮುಟ್ಟೈತಿ. ಇನ್ನೊಂದು ವಾರ ಬಿಟ್ರ ನೀ ಹೆಣ ಕಾಯಬೇಕಾಗತಿತ್ತು."

"ಮ್ಯಾಲಿನ ಓಣಿ ಈರವ್ವನ್ನ ಒಯ್ದ್ರಿ. ಗಂಡನ್ನ ಬಿಟ್ರಿ, ಆತನ ಗೆರಿ ಹಸರ ಐತಿ ಅಂತ. ಹದಿನೇಳು ದಿನಕ್ಕ ಆತ ಹೋದ. ಆತ ಹೋಗಿದ್ದು ಅಲ್ಲಿ ಆಕಿಗೆ ತಿಂಗಳಾದ ಮ್ಯಾಲೆ ಗೊತ್ತಾತು." ಕಾಶವ್ವ ಸೆರಗಿನಿಂದ ಬಟ್ಟಲು ಒರೆಸಿದಳು. "ನನ್ನ ಗೆರಿ ಯಾವ ಬಣ್ಣ, ತಮ್ಮಾ?"

"ಹಸಿರು," ಎಂದೆ. "ಬಹಳ ಹಸಿರು." ಇಬ್ಬರ ಪಾಲಿನ ನಡಿಗೆ ಅವಳದೇ ಅಲ್ಲವೇ.

ಒಳಗಿನಿಂದ ದ್ಯಾಮವ್ವನ ದನಿ ಬಂತು: "ಆಕಿನ್ನ ಬಿಟ್ಟು ನನ್ನ ಎತ್ತಿದ್ರ, ನಾ ಬಾಯಿಗೆ ನೀರು ಹಾಕ್ಕೊಳ್ಳಂಗಿಲ್ಲ. ಮೊದಲ ಹೇಳೇನಿ."

"ನೀ ಸುಮ್ಮನ ಮಕ್ಕೋ," ಎಂದಳು ಕಾಶವ್ವ. ನಮ್ಮ ಕಡೆ ತಿರುಗಿ, "ಗಂಡನಕಿಂತ ಜೋರು ಮೊದಲಿಂದ. ನನ್ನ ನೋಡಾಕ ಬಂದದ್ದು ಗಂಡ ಅಲ್ಲರಿ, ಈಕಿ. ತನಗ ಮಕ್ಕಳಾಗಲಿಲ್ಲಂತ ತಾನ ಬಂದು ನನ್ನ ಆರಿಸ್ಕೊಂಡು ಹೋದ್ಲು."

"ಸೀರಿ ಆರಿಸಿದಂಗ ಆರಿಸಿದ್ನಿ," ಎಂದಿತು ಒಳಗಿನ ದನಿ. "ಮೊದಲನೇ ಒಗತಕ್ಕ ಬಣ್ಣ ಬಿಡ್ತು."

ಮೇಡಂ ನಗಲಿಲ್ಲ. ಎದ್ದು ಅಂಗಳಕ್ಕೆ ಬಂದರು. ನಾನೂ ಬಂದೆ.

ಕಾಯ್ದೆ ಬಂದ ಮೊದಲ ವರ್ಷ ಇನ್‌ಸ್ಪೆಕ್ಟರ್ ಸಹಿಗೆ ಆಸರೆ ಮನೆಯಲ್ಲಿ ಹಾಸಿಗೆ ಸಿಗುತ್ತಿತ್ತು. ಆರು ತಿಂಗಳಲ್ಲಿ ಹಾಸಿಗೆಗಳೆಲ್ಲ ಪುಢಾರಿಗಳ ಚಿಕ್ಕಮ್ಮ, ದೊಡ್ಡಮ್ಮಂದಿರಿಂದ ತುಂಬಿಹೋದವು. ಆಮೇಲೆ ಸಹಿಯನ್ನೇ ತೆಗೆದುಹಾಕಿದರು. ಈಗ ಯಂತ್ರದ ಆದೇಶ ಒಂದೇ ದಾರಿ. ಹುಣ್ಣಿನ ಫೋಟೊ ಕಳಿಸಿದರೆ ಆ ಒಬ್ಬರಿಗೆ ತುರ್ತು ಆದೇಶ ಬರುತ್ತದೆ. ಇನ್ನೊಬ್ಬರಿಗಿಲ್ಲ.

"ದ್ಯಾಮವ್ವನ್ನ ಇವತ್ತ ಕಳಸಬೇಕು," ಎಂದರು ಮೇಡಂ. "ಕಾಶವ್ವನ್ನೂ ಕಳಸಬೇಕು. ಆ ಗ್ವಾಡಿ ನೋಡು. ಈ ಮನ್ಯಾಗ ಆಕಿ ಒಬ್ಬಾಕೀನ್ನ ಬಿಟ್ಟು ನಾ ಪೆನ್ಶನ್ ತಗೊಳ್ಳಂಗಿಲ್ಲ. ಹೇಳು, ಆಕಿ ಗೆರಿ ಹೆಂಗ ಕೆಂಪಾಗತೈತಿ?"

ನಾನು ಹೇಳಿದೆ. ಮೂರು ದಿನ ನೆಲಕ್ಕೆ ಕಾಲು ಇಡಬಾರದು. ಹೊಸ್ತಿಲು ದಾಟಿ ಹೋದರೆ ಯಂತ್ರ ಅದನ್ನು 'ಹೊರಗೆ ಹೋಗಿದ್ದಾರೆ' ಎಂದು ಬರೆದು ಲೆಕ್ಕ ನಿಲ್ಲಿಸುತ್ತದೆ. ಬೇರೆಯವರು ಬಂದು ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ 'ಆರೈಕೆ ಇದೆ' ಎಂದು ಬರೆದು ಮೊದಲಿಂದ ಶುರು ಮಾಡುತ್ತದೆ. ಅಂದರೆ ಒಬ್ಬಳೇ, ಮಂಚದ ಮೇಲೆ, ಮೂರು ಹಗಲು ಮೂರು ರಾತ್ರಿ.

ಕಾಶವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅಕ್ಕನ್ನ ಇವತ್ತ ಒಯ್ರಿ," ಎಂದಳು. "ನಾ ಇವತ್ತಿಂದ ಮಲಗತೀನಿ."

*

ದ್ಯಾಮವ್ವನನ್ನು ವ್ಯಾನಿಗೆ ಏರಿಸುವಾಗ ಓಣಿಯೆಲ್ಲ ನೆರೆದಿತ್ತು. ಅವಳು ಸ್ಟ್ರೆಚರಿನ ಕಂಬಿಯನ್ನು ಹಿಡಿದು, ಕಾಶವ್ವನನ್ನು ಬೆರಳಿನಿಂದ ಕರೆದು, "ಮೂರು ದಿನ ಅಂದಿ. ನಾಕನೇ ದಿನ ಊಟ ಬಿಡತೀನಿ," ಎಂದಳು. ಕಾಶವ್ವ ಹೂಂ ಎಂದಳು. ವ್ಯಾನು ತಿರುವು ದಾಟಿದ ಮೇಲೆ ಅವಳು ಒಂದು ಬುಟ್ಟಿ ರೊಟ್ಟಿ, ಚಟ್ನಿಪುಡಿ, ಎರಡು ತಂಬಿಗೆ ನೀರು, ಅಕ್ಕನಿಗೆ ಇಡುತ್ತಿದ್ದ ಮಲದ ಪಾತ್ರೆ, ಎಲ್ಲವನ್ನೂ ಮಂಚದ ಸುತ್ತ ಕೈಗೆ ಎಟುಕುವಂತೆ ಜೋಡಿಸಿಕೊಂಡಳು. ಮಂಚ ಹತ್ತಿ ಕಾಲು ಮೇಲೆತ್ತಿಕೊಂಡಳು.

"ಹೋಗ್ರಿ," ಎಂದಳು. "ನಿಮ್ಮ ಐದು ನಿಮಿಷ ಆಗಾಕ ಬಂತು."

ಆ ಮೂರು ದಿನ ನಾನು ಬೇರೆ ಯಾವ ಗೆರೆಯನ್ನೂ ಸರಿಯಾಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ಕೂತವಳಲ್ಲದ ಹೆಂಗಸು ಒಂದು ಮಂಚದ ಮೇಲೆ ಸುಮ್ಮನೆ ಇದ್ದಾಳೆ, ಪರದೆಯ ಮೇಲೆ ಅವಳ ಗೆರೆ ನೀರಿನ ಹಾಗೆ ಮಟ್ಟಸವಾಗಿದೆ. ಮೊದಲ ದಿನದ ಲೆಕ್ಕ: ಸೊನ್ನೆ. ಯಂತ್ರ ಅವಳ ಹೆಸರನ್ನು ಹಳದಿ ಮಾಡಿತು.

ಮನೆಗೆ ಹೋಗಿ ಉಣ್ಣುತ್ತ ಅಮ್ಮಿಗೆ, ನನ್ನ ತಾಯಿಗೆ, ಎಲ್ಲ ಹೇಳಿದೆ. ಅಮ್ಮಿಗೆ ಐವತ್ತೆಂಟು. ಹಾಸಿಗೆಗೆ ಅರಳೆ ತುಂಬುವ ಕೆಲಸ ನಿಲ್ಲಿಸಿ ವರ್ಷವಾಗಿತ್ತು, ಆದರೂ ಮಾತಾಡುವಾಗ ಕೈ ಇಲ್ಲದ ಅರಳೆಯನ್ನು ಬಿಡಿಸುತ್ತಿತ್ತು.

"ನೀ ಅಲ್ಲಿ ಕುಂತು ಏನು ನೋಡ್ತಿ?"

"ಅಕಿ ನಡೀಲಿಲ್ಲ ಅನ್ನೂದನ್ನ."

"ಅದನ್ನ ನೋಡಾಕ ಇಷ್ಟು ಓದಿಸಿದ್ನಾ," ಎಂದಳು. ನನ್ನ ತಾಟಿಗೆ ಸಾರು ಬಡಿಸುತ್ತ, "ಅಕಿ ಹೊಟ್ಟಿಗಿ ಏನು ತಿಂತಾಳ?"

"ರೊಟ್ಟಿ."

"ಹಲ್ಲು ಅದಾವೇನು?"

ನನಗೆ ಗೊತ್ತಿರಲಿಲ್ಲ. ಸಾವಿರದ ಇನ್ನೂರು ಜನರ ಮೊಣಕಾಲಿನ ಸಂಗತಿ ಗೊತ್ತಿದ್ದ ನನಗೆ ಯಾರ ಹಲ್ಲಿನ ಸಂಗತಿಯೂ ಗೊತ್ತಿರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಗೆರೆ ಅಲುಗಿತು.

ಹೆಜ್ಜೆಯಲ್ಲ. ಹೆಜ್ಜೆಯಾಗಿದ್ದರೆ ಯಂತ್ರ ಎಣಿಸುತ್ತಿತ್ತು. ಯಾರೋ ನೆಲದ ಮೇಲೆ ಒಂದು ಹಿಡಿ ಜೋಳ ಚೆಲ್ಲಿದ ಹಾಗೆ ಸಣ್ಣ ಸಣ್ಣ ಮುಳ್ಳುಗಳು. ನಿಂತವು. ಇಪ್ಪತ್ತು ನಿಮಿಷದ ಮೇಲೆ ಮತ್ತೆ ಬಂದವು. ಆಮೇಲೆ ಹದಿನಾಲ್ಕು ನಿಮಿಷಕ್ಕೆ. ಆಮೇಲೆ ಒಂಬತ್ತಕ್ಕೆ. ಯಂತ್ರ ಅವನ್ನೆಲ್ಲ 'ಇತರೆ ಸದ್ದು' ಎಂಬ ಡಬ್ಬಿಗೆ ಹಾಕುತ್ತಿತ್ತು. ಹಿಂದಿನ ದಿನಗಳಲ್ಲಿ ಕಾಶವ್ವನ ಓಡಾಟದ ಕೆಳಗೆ ಅವು ಮುಚ್ಚಿಹೋಗಿದ್ದಿರಬೇಕು. ಈಗ ಮನೆ ಸುಮ್ಮನಿದ್ದುದರಿಂದ ಕೇಳುತ್ತಿದ್ದವು. ಗೋಡೆಯಿಂದ ಮಣ್ಣು ಉದುರುತ್ತಿತ್ತು.

ಮೇಡಂಗೆ ಫೋನು ಮಾಡಿದೆ. ಅವರು ನಲವತ್ತು ಕಿಲೋಮೀಟರ್ ಆಚೆ ಒಂದು ಲಸಿಕೆಯ ಶಿಬಿರದಲ್ಲಿದ್ದರು.

"ಪುರಸಭೆಗೆ ಹೇಳಲೇನ್ರಿ?"

"ಅವರು ನೋಟೀಸು ಹಚ್ಚಿ ಫೋಟೊ ತಗೊಂಡು ಹೋಗ್ತಾರ. ನದಾಫ, ನೀ ಹೋಗು."

"ಪಾಳಿ ಬಿಟ್ಟು ಹೋಗಂಗಿಲ್ಲ ಮೇಡಂ. ನಾ ಒಬ್ಬನ ಇದ್ದೀನಿ."

ಆ ಕಡೆ ಮಕ್ಕಳ ಅಳು ಕೇಳುತ್ತಿತ್ತು. "ನಾ ನಿನಗ ಹೋಗು ಅಂದೆ ಅಂತ ಬರಕೋ," ಎಂದರು. "ಬರದ ಮ್ಯಾಲೆ ಹೋಗು."

ನಾನು ಬರೆದುಕೊಂಡು ಕೂರಲಿಲ್ಲ. ಸೈಕಲ್ಲು ಹಿಡಿದು ಹೂಗಾರ ಓಣಿ ಮುಟ್ಟುವುದಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಹೊಸ್ತಿಲ ಹೊರಗೆ ಒಂದು ಕ್ಷಣ ನಿಂತು ಕೈಗಡಿಯಾರ ನೋಡಿಕೊಂಡೆ. ಒಳಗೆ ಕಾಲಿಟ್ಟರೆ ನನ್ನ ಹೆಜ್ಜೆಯೂ ಎಣಿಕೆಗೆ ಬೀಳುತ್ತದೆ. ಐದು ನಿಮಿಷ.

ಕಾಶವ್ವ ಮಂಚದ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದಳು. ಅದರ ಬುಡದಿಂದ ಸೂರಿನ ತನಕ ಕೈ ತೂರುವಷ್ಟು ಸೀಳು ಬಿಟ್ಟಿತ್ತು. ಹೊದಿಕೆಯ ಮೇಲೆ ಮಣ್ಣು ಬಿದ್ದಿತ್ತು. ಅವಳು ಅದನ್ನು ಅಂಗೈಯಿಂದ ಒಟ್ಟುಮಾಡಿ ಒಂದು ಬದಿಗೆ ಗುಡ್ಡೆ ಹಾಕಿದ್ದಳು.

"ಏಳ್ರಿ ಅವ್ವಾ. ಬೀಳಾಕತ್ತೈತಿ."

"ಇದು ಎಷ್ಟನೇ ದಿನ?"

"ಎರಡನೇದು. ಏಳ್ರಿ."

"ಹಂಗಾದ್ರ ಏಳೂದಿಲ್ಲ."

"ಗ್ವಾಡಿ ಮೈಮ್ಯಾಲೆ ಬಿದ್ರ ಸಾಯ್ತೀರಿ."

"ಸತ್ರ ನಿನ್ನ ಯಂತ್ರದಾಗ ಏನು ಬರತೈತಿ?"

"ಸೊನ್ನಿ."

"ಮತ್ತೇನು. ಅದ ಬೇಕಲ್ಲ ನಮಗ."

"ಸತ್ತೋರಿಗೆ ಅಲ್ಲಿ ಹಾಸಗಿ ಕೊಡೂದಿಲ್ಲವ್ವಾ," ಎಂದೆ. ಎರಡು ನಿಮಿಷ ಕಳೆದಿತ್ತು. ಸೀಳಿನಿಂದ ಒಂದು ಹೆಂಟೆ ಕಳಚಿ ನೀರಿನ ತಂಬಿಗೆಯನ್ನು ಉರುಳಿಸಿತು. ಅವಳು ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಕಾಲು ಮಂಚದಿಂದ ಇಳಿಯಲಿಲ್ಲ.

"ನಾ ಇಳಿದ್ರ ಮತ್ತ ಒಂದನೇ ದಿನ ಆಗತೈತಿ," ಎಂದಳು. "ಆಕಿ ನಾಡದಿಗೆ ಊಟ ಬಿಡತಾಳ. ಆಕಿ ಅಂದ್ರ ಅಂದಂಗ ಮಾಡಾಕಿ. ನಿನಗ ಗೊತ್ತಿಲ್ಲ."

"ನೀವು ಇಳೀಬ್ಯಾಡ್ರಿ. ನಾ ಹೊರತೀನಿ."

"ಕಡ್ಡಿ ಇದ್ದಂಗ ಇದ್ದಿ, ನೀ ಏನು ಹೊರತಿ."

ನಾನು ಕೇಳಲು ನಿಲ್ಲಲಿಲ್ಲ. ಬೆನ್ನು ತಿರುಗಿಸಿ ಮಂಚದ ಅಂಚಿಗೆ ಕೂತೆ. ಅವಳು ನನ್ನ ಕೊರಳು ಹಿಡಿದಳು. ತೋಳುಗಳು ಒಣಗಿದ ಕಬ್ಬಿನ ಹಾಗಿದ್ದವು, ಹಿಡಿತ ಮಾತ್ರ ಕಬ್ಬಿಣದ್ದು. ಎದ್ದೆ. ಪಡಸಾಲೆ ದಾಟತೊಡಗಿದೆ. "ಬಲಕ್ಕ ಕೊಡ ಐತಿ, ಎಡವೀ," ಎಂದಳು ಕಿವಿಯ ಹತ್ತಿರ. ಹೊಸ್ತಿಲ ಹೊರಗೆ ಬಂದು ಗಡಿಯಾರ ನೋಡಿದೆ. ನಾಲ್ಕು ನಿಮಿಷ ನಲವತ್ತು ಸೆಕೆಂಡು.

ನಂತರ ದಾಖಲೆ ತೆಗೆದು ನೋಡಿದ್ದೇನೆ. ಯಂತ್ರ ಹೀಗೆ ಬರೆದಿತ್ತು: ಅಪರಿಚಿತ ವ್ಯಕ್ತಿ, ಒಳಗೆ ಬಂದಾಗ ಅರವತ್ತು ಕಿಲೋ, ಹೊರಗೆ ಹೋದಾಗ ತೊಂಬತ್ತೆಂಟು. ನಡುವಿನ ಮೂವತ್ತೆಂಟು ಕಿಲೋ ಎಲ್ಲಿಂದ ಬಂತು ಎಂದು ಕೇಳುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಾಶವ್ವ ಅದರ ಮಟ್ಟಿಗೆ ಇನ್ನೂ ಮನೆಯಲ್ಲೇ ಇದ್ದಳು.

ಗೋಡೆ ಬಿದ್ದದ್ದು ಸಂಜೆ ಐದಕ್ಕೆ. ನಾವು ಎದುರಿನ ಮನೆಯ ಕಟ್ಟೆಯ ಮೇಲಿದ್ದೆವು. ದೊಡ್ಡ ಸದ್ದೇನೂ ಆಗಲಿಲ್ಲ. ಗೋಡೆ ಒಳಕ್ಕೆ ಕೂತಿತು, ತೊಲೆಗಳು ಅದರ ಮೇಲೆ ಕೂತವು, ಧೂಳು ನಿಧಾನವಾಗಿ ಓಣಿಗೆ ಬಂತು. ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಧೂಳಿಗೆ ಮುಚ್ಚಿಕೊಂಡದ್ದು. ಅದು ಇಳಿದ ಮೇಲೆ ಕೇಳಿದಳು: "ಬಿಲ್ಲಿ?"

ಫೋನಿನಲ್ಲಿ ನೋಡಿದೆ. ಹೊಸ್ತಿಲ ಕಲ್ಲಿನ ಆಸರೆಗೆ ನೆಲಗಿವಿ ಉಳಿದಿತ್ತು. ಒಂದು ದೊಡ್ಡ ಮುಳ್ಳನ್ನು 'ಇತರೆ ಸದ್ದು' ಎಂದು ಬರೆದು, ಮತ್ತೆ ಮಟ್ಟಸದ ಗೆರೆ ಎಳೆಯುತ್ತಿತ್ತು.

"ಜೀವ ಐತಿ."

"ಹಂಗಾದ್ರ ಸರಿ," ಎಂದಳು.

ರಾತ್ರಿ ಮೇಡಂ ಬಂದರು. ಬಿದ್ದ ಮನೆಯ ಸುತ್ತ ಒಂದು ಸಲ ತಿರುಗಿದರು. ಮನೆ ಬಿದ್ದವರಿಗೆ ನಮ್ಮ ಇಲಾಖೆಯಲ್ಲಿ ಏನೂ ಇರಲಿಲ್ಲ. ಗೋಡೆ ಬಿದ್ದರೆ ಅದು ಪುರಸಭೆಯ ಪಾಲಿನ ಕೆಲಸ, ಅವರ ಹತ್ತಿರ ಇದ್ದದ್ದು ಒಂದು ಶಾಮಿಯಾನ. ಎದುರು ಮನೆಯಲ್ಲಿ ಎಪ್ಪತ್ತಾದವರು ಯಾರೂ ಇರಲಿಲ್ಲ, ಹಾಗಾಗಿ ನೆಲಗಿವಿಯೂ ಇರಲಿಲ್ಲ. ಕಾಶವ್ವನನ್ನು ಅಲ್ಲಿ ಮಲಗಿಸಿದೆವು. ಮೂರನೇ ದಿನವೆಲ್ಲ ಅವಳು ಆ ಮನೆಯ ಅಂಗಳದಲ್ಲಿ ಆರಾಮಾಗಿ ತಿರುಗಾಡಿದಳು, ಅವರ ಕಾಳು ಹಸನು ಮಾಡಿಕೊಟ್ಟಳು. ರಸ್ತೆಯ ಆಚೆ ಮಣ್ಣಿನ ರಾಶಿಯ ಕೆಳಗೆ ಯಂತ್ರ ಅವಳ ಮೌನವನ್ನು ಎಣಿಸುತ್ತಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಗೆರೆ ಕೆಂಪಾಯಿತು. ಕಾಶವ್ವ, ಎಪ್ಪತ್ತನಾಲ್ಕು, ಚಲನೆ ಇಲ್ಲ, ಆರೈಕೆ ಇಲ್ಲ, ವಾಸಿಸಲು ಯೋಗ್ಯವಾದ ಮನೆಯಿಂದ ತಕ್ಷಣ ತೆರವು. 'ಯೋಗ್ಯವಲ್ಲದ' ಎಂದು ಬರೆಯಲು ಅದಕ್ಕೆ ಗೋಡೆ ಬಿದ್ದದ್ದು ಗೊತ್ತಿರಬೇಕಿತ್ತು.

*

ವ್ಯಾನು ಬರುವ ಮೊದಲು ನಾನು ದಾಖಲೆ ಪುಸ್ತಕ ತೆರೆದು ನಡೆದದ್ದನ್ನೆಲ್ಲ ಬರೆಯತೊಡಗಿದೆ. ಎಂಟು ತಿಂಗಳು ದ್ಯಾಮವ್ವನ ಹೆಜ್ಜೆ ಕಾಶವ್ವನದು. ಅದನ್ನು ಗುರುತಿಸದವನು ನಾನು. ಮೂರು ದಿನದ ಸೊನ್ನೆ ಬೇಕೆಂದೇ ಮಾಡಿದ್ದು. ಪಾಳಿ ಬಿಟ್ಟು ಹೋದವನು ನಾನು. ಮೇಡಂ ನನ್ನ ಹಿಂದೆ ನಿಂತು ಓದುತ್ತಿದ್ದರು.

"ಬರೀ ನಿನ್ನ ಹೆಸರ ಐತಲ್ಲಲೇ."

"ನಾನ ಅಲ್ಲೇನ್ರಿ ಮಾಡಿದ್ದು."

"ನೀ ಇನ್ನೂ ಕಾಯಂ ಆಗಿಲ್ಲ. ನಿನ್ನ ತೆಗದ್ರ ಕಸ ಹೊಡದಂಗ ಹೊಡೀತಾರ. ನನ್ನ ತಗೀಬೇಕಾದ್ರ ಮೂರು ಕಮಿಟಿ ಕೂಡಬೇಕು. ಆ ಮೂರು ಕಮಿಟಿ ಮುಂದ ನಾ ಹೇಳಬೇಕಾದ್ದು ಬಹಳ ಐತಿ." ಪೆನ್ನು ಕಿತ್ತುಕೊಂಡರು. ಎಲ್ಲಕ್ಕಿಂತ ಮೇಲೆ ತಮ್ಮ ಹೆಸರು ಬರೆದರು. ಕೆಳಗೆ ಒಂದು ಸಾಲು ಸೇರಿಸಿದರು: ಒಂದು ಮನೆಯಿಂದ ಒಬ್ಬರನ್ನು ಎತ್ತುವ ಮೊದಲು, ಉಳಿಯುವವರನ್ನು ಒಬ್ಬ ಮನುಷ್ಯ ಹೋಗಿ ಕೇಳತಕ್ಕದ್ದು.

"ಕಾಶವ್ವನ್ನ ವಾಪಸ್ ಕಳಿಸಿದ್ರ?"

"ವಾಪಸ್ ಕಳಸಬೇಕಾದ್ರ ಆಕಿ ಮನಿ ನೆಲದಾಗ ಮತ್ತ ಹೆಜ್ಜಿ ಕೇಳಬೇಕು, ಹಂಗ ಐತಿ ನಿಯಮ. ಕೇಳಿಸಲಿ ನೋಡೋಣು."

ನಾನೂ ವ್ಯಾನಿನಲ್ಲಿ ಹೋದೆ. ಕೆಂಪು ಗೆರೆಯವರು ನಡೆಯಬಾರದೆಂದು ಕಾಶವ್ವನನ್ನು ಸ್ಟ್ರೆಚರಿನ ಮೇಲೆ ಕಟ್ಟಿ ಮಲಗಿಸಿದ್ದರು. ದಾರಿಯುದ್ದಕ್ಕೂ ಅವಳು ಚಾವಣಿ ನೋಡುತ್ತ, ಇಂಥ ಮೆತ್ತನೆಯ ಹಾಸಿಗೆಯಲ್ಲಿ ಜನ ಹೇಗೆ ನಿದ್ದೆ ಮಾಡುತ್ತಾರೆ ಎಂದು ಬೈದಳು. ಆಸರೆ ಮನೆಯ ಬಾಗಿಲಲ್ಲಿ ಪಟ್ಟಿ ಬಿಚ್ಚಿಸಿಕೊಂಡಳು.

"ಇಲ್ಲಿಂದ ನಾನ ನಡೀತೀನಿ."

"ಅಜ್ಜೀ, ನೀವು ನಡೀಬಾರದು, ಚೀಟಿಯಾಗ ಐತಿ," ಎಂದಳು ನರ್ಸು.

"ಚೀಟಿ ನಡಿಯೂದಿಲ್ಲವ್ವ. ನಾ ನಡೀತೀನಿ," ಎಂದು ಕಾಶವ್ವ ಇಳಿದೇಬಿಟ್ಟಳು.

ಉದ್ದದ ವಾರ್ಡು. ಎರಡು ಸಾಲು ಹಾಸಿಗೆ. ದ್ಯಾಮವ್ವ ಕಿಟಕಿಯ ಹತ್ತಿರ ಮಗ್ಗುಲಾಗಿ ಮಲಗಿದ್ದಳು, ಬೆನ್ನಿಗೆ ದಪ್ಪ ಬಿಳಿ ಪಟ್ಟಿ. ಪಕ್ಕದಲ್ಲಿ ಮುಚ್ಚಿದ ಗಂಜಿಯ ಬಟ್ಟಲು ಹಾಗೇ ಇತ್ತು. ಕಾಶವ್ವ ಹೋಗಿ ಅವಳ ಮುಂದೆ ನಿಂತಳು. ಕಾಶವ್ವ ಬಟ್ಟಲು ಎತ್ತಿ, ಮುಚ್ಚಳ ತೆಗೆದು ಮೂಸಿ ನೋಡಿ, ಚಮಚ ಹಿಡಿದಳು.

ದ್ಯಾಮವ್ವ ಬಾಯಿ ತೆರೆಯಲಿಲ್ಲ. ಮೊದಲು ಕೇಳಿದಳು:

"ಬಾಗಲಾ ಹಾಕ್ಕೊಂಡು ಬಂದೀಯೇನು?"

"ಹಾಕ್ಕೊಂಡು ಬಂದೇನಿ."

"ಹಿತ್ತಲದ್ದು?"

"ಅದನ್ನೂ."

"ಕೀಲಿ ಎಲ್ಲಿ?"

ಕಾಶವ್ವನ ಚಮಚ ಗಾಳಿಯಲ್ಲಿ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. "ಈ ತಮ್ಮನ ಕಡೆ ಕೊಟ್ಟೇನಿ," ಎಂದಳು.

ದ್ಯಾಮವ್ವನ ಕಣ್ಣು ನನ್ನ ಮೇಲೆ ಬಂತು. ಬೆಳಿಗ್ಗೆಯಷ್ಟೇ ಎರಡು ಹಾಳೆ ನಿಜ ಬರೆದು ಸಹಿ ಹಾಕಿ ಬಂದಿದ್ದೆ.

"ಹೂಂ ಅವ್ವಾ," ಎಂದೆ. "ನನ್ನ ಕಡೆ ಐತಿ."

ಅವಳು ಬಾಯಿ ತೆರೆದಳು.